ಮನೆ ತೊಳೆದ ಮೂರನೆಯ ದಿನ

ದಣಿವಾಗಿದೆ ಎಂದು ಹೇಳುವುದನ್ನು ನಾನು ಒಂದು ಹಂತದಲ್ಲಿ ಬಿಟ್ಟೇಬಿಟ್ಟಿದ್ದೆ. ಹೇಳಿದ ಕೂಡಲೇ ಎದುರಿನವರು ತಮ್ಮ ದಣಿವಿನ ಗಂಟು ಬಿಚ್ಚುತ್ತಿದ್ದರು. "ನಮಗರ ಎಲ್ಲಿ ಪುರುಸೊತ್ತದರಿ, ರಾತ್ರಿ ಆತಂದ್ರ ಮೈ ಅಂಬೂದು ಹಿಂಡಿ ಹಾಕಿದಂಗ ಆಗಿರ್ತದ" ಎನ್ನುತ್ತಿದ್ದರು ಕೆಳಗಿನ ಮನೆಯ ಧಾರವಾಡದ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿ. ಶಾಲೆಯಲ್ಲಿ ಒಬ್ಬರು ವಿಟಮಿನ್ ಗುಳಿಗೆ ನುಂಗಲು ಹೇಳಿದರು, ಇನ್ನೊಬ್ಬರು ಖರ್ಜೂರ, ಮತ್ತೊಬ್ಬರು ಬೆಳಗಿನ ಜಾವ ಎದ್ದು ಓಡಲು. ಸ್ಟಿರಾಯ್ಡ್ ಗುಳಿಗೆಯಿಂದ ನನ್ನ ಮುಖ ಉಬ್ಬಿ ದುಂಡಗಾದಾಗ, "ಈಗ ಮೈ ಕೈ ತುಂಬ್ಕೊಂಡು ಭಾಳ ಛಲೋ ಕಾಣ್ತೀರಿ ನೋಡ್ರಿ" ಎಂದವರೂ ಇದ್ದಾರೆ. ಅವರಿಗೆ ಎರಡು ಬಿಡಬೇಕು ಅನ್ನಿಸುತ್ತಿತ್ತು. ಆದರೆ ಕೈ ಎತ್ತಲು ತ್ರಾಣ ಬೇಕಲ್ಲ.

ನನ್ನ ಕಾಯಿಲೆಯ ಹೆಸರು ಲೂಪಸ್. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಕೀಲು ನೋಯುತ್ತವೆ, ಬಿಸಿಲಿಗೆ ಕೆನ್ನೆ ಕೆಂಪಾಗುತ್ತವೆ, ಕೆಲವರಲ್ಲಿ ಮೂತ್ರಪಿಂಡಕ್ಕೂ ಇಳಿಯುತ್ತದೆ. ನನಗೂ ಒಮ್ಮೆ ಇಳಿದಿತ್ತು. ಇದೆಲ್ಲ ರಕ್ತದಲ್ಲಿ, ಮೂತ್ರದಲ್ಲಿ ಕಾಣುತ್ತದೆ, ರಿಪೋರ್ಟಿನಲ್ಲಿ ಬರುತ್ತದೆ, ಹಾಗಾಗಿ ಜನ ನಂಬುತ್ತಾರೆ. ದಣಿವು ಮಾತ್ರ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಅದು ನಿದ್ದೆ ಮಾಡಿದರೆ ಹೋಗುವ ದಣಿವೂ ಅಲ್ಲ. ಒಂದು ಬೆಳಿಗ್ಗೆ ಬ್ರಶ್ಶಿಗೆ ಪೇಸ್ಟ್ ಹಚ್ಚಿಕೊಂಡು, ಅದನ್ನು ಬಾಯಿಯತನಕ ಒಯ್ಯಲಾಗದೆ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕುಳಿತುಬಿಟ್ಟಿದ್ದೆ. ಗಂಡ ಬಂದು ಬಾಗಿಲು ತಟ್ಟುವವರೆಗೂ ಬ್ರಶ್ ಹಿಡಿದುಕೊಂಡೇ ಕೂತಿದ್ದೆ.

ನಾವು ಬೆಳಗಾವಿ ಕಡೆಯವರು. ಗಂಡನಿಗೆ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಕೆಲಸ, ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಪುಣೆಯಲ್ಲಿದ್ದಾರೆ. ಮನೆದೇವರು ಪುಣೆ ಹತ್ತಿರದ ಜೇಜುರಿ ಗುಡ್ಡದ ಖಂಡೋಬಾ. ಅತ್ತೆಯ ಬಾಯಲ್ಲಿ ಅವನು ಮೈಲಾರಲಿಂಗ. ಪುಣೆಗೆ ಬಂದು ಇಷ್ಟು ವರ್ಷವಾದರೂ ಅವರು ದೇವರ ಜೊತೆ ಮರಾಠಿ ಮಾತಾಡಿದವರಲ್ಲ, ಭಾಜಿ ತರಕಾರಿ ಮಾರುವವರ ಜೊತೆ ಮಾತ್ರ.

ಕಾಯಿಲೆ ಮೂತ್ರಪಿಂಡಕ್ಕೆ ಇಳಿದು ನಾನು ಆಸ್ಪತ್ರೆ ಸೇರಿದಾಗ ಅತ್ತೆ ಒಂದು ಹರಕೆ ಹೊತ್ತರು. ನನಗೆ ಅರೆಪ್ರಜ್ಞೆ. ಅವರು ನನ್ನ ಹಾಸಿಗೆಯ ಬಳಿ ನಿಂತು, ಸೆರಗಿನ ಗಂಟಿನಿಂದ ಭಂಡಾರ, ಅಂದರೆ ದೇವರ ಅರಿಶಿನ, ತೆಗೆದು ನನ್ನ ಹಣೆಗೆ ಹಚ್ಚಿದ್ದು ನೆನಪಿದೆ. "ಇಕಿ ತನ್ನ ಕಾಲಿಂದ ನಡದು ಮನಿಗೆ ಬಂದ್ಲಂದ್ರ, ಅದೇ ಕಾಲಿಂದ ನಿನ್ನ ಗುಡ್ಡಾ ಏರಸ್ತೀನಪ್ಪಾ. ನಾನೂ ಸಂಗಾಟ ಏರ್ತೀನಿ" ಎಂದರು. ನಾನು ನಡೆದೇ ಮನೆಗೆ ಬಂದೆ. ಹರಕೆ ಬಾಕಿ ಉಳಿಯಿತು.

ಬಾಕಿ ಉಳಿದ ಹರಕೆ ಅತ್ತೆಯನ್ನು ತಿನ್ನುತ್ತಿತ್ತು. ಅವರ ಮೊಣಕಾಲು ವರ್ಷದಿಂದ ವರ್ಷಕ್ಕೆ ಕೈಕೊಡುತ್ತಿತ್ತು. ನಮ್ಮ ಕಟ್ಟಡದ ಲಿಫ್ಟು ಕೆಟ್ಟರೆ ಅವರು ಮನೆಯಿಂದ ಹೊರಗೆ ಬೀಳುತ್ತಿರಲಿಲ್ಲ. ಇನ್ನೊಂದು ವರ್ಷ ತಡವಾದರೆ ತಾನು ಗುಡ್ಡ ಏರುವುದಿಲ್ಲ, ತೀರಿಸದ ಹರಕೆ ಸೊಸೆಯ ಮೈಮೇಲೆ ಬರುತ್ತದೆ ಎಂದು ಅವರ ಹೆದರಿಕೆ. ನನಗೆ ಹರಕೆಯ ಮೇಲೆ ಅಂಥ ನಂಬಿಕೆಯೇನಿಲ್ಲ. ಆದರೆ ನನ್ನ ಕಾರಣಕ್ಕೆ ಆ ಮುದುಕಿ ಹಗಲೂ ರಾತ್ರಿ ಹೆದರಿಕೊಂಡು ಕೂಡುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಹೇಗಾದರೂ ಮಾಡಿ ಆ ಗುಡ್ಡ ಏರಿಬಿಡಬೇಕು ಅನ್ನುವುದು ನನಗೂ ಹಟವಾಗಿತ್ತು.

ಖಂಡೋಬಾನ ವಾರ ರವಿವಾರ. ನನಗೂ ಶಾಲೆಗೆ ಸೂಟಿ, ಗಂಡನಿಗೂ ಸೂಟಿ. ಮೊದಲ ಸಲ ದಿನ ಗೊತ್ತು ಮಾಡಿದೆವು. ಶನಿವಾರ ರಾತ್ರಿ ಚೀಲ ತುಂಬಿ ಬಾಗಿಲ ಬಳಿ ಇಟ್ಟು ಮಲಗಿದೆ. ರವಿವಾರ ಬೆಳಿಗ್ಗೆ ಎದ್ದರೆ ಕೈಕಾಲು ನನ್ನವಲ್ಲ. ಕಣ್ಣಿನ ರೆಪ್ಪೆ ಕೂಡ ಭಾರ. ಗಂಡ ಜ್ವರ ನೋಡಿದರು, ಜ್ವರವಿಲ್ಲ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಕೂತಿದ್ದರು. ಮಧ್ಯಾಹ್ನದ ತನಕ ಆ ಸೀರೆ ಬಿಚ್ಚಲಿಲ್ಲ.

ಎರಡನೆಯ ಸಲವೂ ಹಾಗೇ ಆಯಿತು. ಶನಿವಾರ ಕುದುರೆಯ ಹಾಗೆ ಓಡಾಡಿದವಳು ರವಿವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಈ ಸಲ ಅತ್ತೆ ಆ ಸೀರೆ ಬಿಚ್ಚಿ, ಮಡಿಚಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಅದು ನನಗೆ ಹೆಚ್ಚು ಚುಚ್ಚಿತು. ದೇವರೇ ಬೇಡ ಅನ್ನುತ್ತಿದ್ದಾನೆ ಎಂದು ಅವರು ತಿಳಿದಿದ್ದಾರೋ, ಅಥವಾ ಸೊಸೆ ನಾಟಕ ಆಡುತ್ತಿದ್ದಾಳೆ ಎಂದು ತಿಳಿದಿದ್ದಾರೋ ನನಗೆ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದಾದರೂ ಬೇಜಾರೇ.

ಡಾಕ್ಟರ ಬಳಿ ಹೋದೆ. ನನ್ನ ಡಾಕ್ಟರು ಮರಾಠಿ ಹೆಣ್ಣುಮಗಳು, ಮಾತು ಕಡಿಮೆ, ಕೈ ಮೆತ್ತಗೆ. ಕಾಯಿಲೆ ಮತ್ತೆ ಎದ್ದಿರಬೇಕು ಎಂದು ನಾನೇ ಹೇಳಿದೆ. ಅವರು ರಕ್ತ, ಮೂತ್ರ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ನೋಡಿದರು. ಎಲ್ಲ ಸರಿಯಾಗಿತ್ತು. ಕಾಯಿಲೆ ಮಲಗಿದೆ ಎಂದರು. "ಹಾಗಿದ್ದರೆ ನಾನ್ಯಾಕೆ ಏಳಲಾರೆ?" ಎಂದು ಕೇಳಿದೆ. ಲೂಪಸ್ ಇದ್ದವರಲ್ಲಿ ದಣಿವು ಹಾಗೇ, ಕಾಯಿಲೆ ಸುಮ್ಮನಿದ್ದರೂ ಅದು ತನ್ನ ಪಾಡಿಗೆ ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಕಾರಣ, ಒಬ್ಬರಿಗೆ ಬಿಸಿಲು, ಒಬ್ಬರಿಗೆ ನಿದ್ದೆ ಕೆಟ್ಟದ್ದು, ಒಬ್ಬರಿಗೆ ಮನಸ್ಸಿನ ಚಿಂತೆ, ನಿಮ್ಮದು ಯಾವುದೆಂದು ನೀವೇ ನೋಡಿಕೊಳ್ಳಬೇಕು ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. "ದಣಿವು ಬಂದ ಮೇಲೆ ನೋಡಬೇಡಿ, ಬರುವ ಮುಂಚೆ ಏನಿತ್ತು ನೋಡಿ" ಎಂದೂ ಅಂದರು.

ಗಣಿತ ಕಲಿಸುವ ಬಾಯಿಗೆ ಇಂಥ ಮಾತು ಹೇಳಿದರೆ ಬಿಡುತ್ತಾಳೆಯೇ? ನಾನು ಹುಡುಕಿಯೇ ಹುಡುಕಿದೆ. ಬಿಸಿಲೇ ಎಂದುಕೊಂಡು ಕಿಟಕಿಗೆಲ್ಲ ದಪ್ಪ ಪರದೆ ಹಾಕಿದೆ, ಮನೆ ಗವಿಯ ಹಾಗಾಯಿತು. ಬದನೆಕಾಯಿಯೇ ಎಂದುಕೊಂಡು ಬದನೆಕಾಯಿ ಬಿಟ್ಟೆ. ಬದನೆಕಾಯಿ ಎಣ್ಣೆಗಾಯಿ ಇಲ್ಲದೆ ನಮ್ಮ ಮನೆಯಲ್ಲಿ ಎಂಥ ರವಿವಾರ? ಗಂಡ ಒಂದು ತಿಂಗಳು ಮುಖ ಗಂಟಿಕ್ಕಿಕೊಂಡು ತಿಂದರು. ಚಹಾ ಬಿಟ್ಟೆ, ಮತ್ತೆ ಹಿಡಿದೆ. ರಾತ್ರಿ ಮೊಬೈಲು ನೋಡುವುದು ಬಿಟ್ಟೆ. ಪ್ರತಿ ಸಲ ದಣಿವು ಬಂದಾಗ ಹಿಂದಿನ ದಿನ ಏನು ಮಾಡಿದೆ ಎಂದು ಯೋಚಿಸುತ್ತಿದ್ದೆ. ಹಿಂದಿನ ದಿನ ಏನೂ ಮಾಡಿರುತ್ತಿರಲಿಲ್ಲ. ಹಿಂದಿನ ದಿನ ಯಾವಾಗಲೂ ಛಲೋ ದಿನವೇ.

ಮೂರನೆಯ ಸಲ ಹೊರಟಾಗ ಪಂತ ಕಟ್ಟಿದವಳ ಹಾಗೆ ತಯಾರಿ ಮಾಡಿದೆ. ನಮ್ಮ ಮನೆಯಲ್ಲಿ ಮನೆದೇವರಿಗೆ ಹೋಗುವ ಮುಂಚೆ ಮನೆ ತೊಳೆಯಬೇಕು. ಕಸ ಹೊಡೆದು ಒರೆಸುವುದಲ್ಲ, ತೊಳೆಯುವುದು. ಚಾದರ, ದಿಂಬಿನ ಚೀಲ, ಬಾಗಿಲ ಪರದೆ ಎಲ್ಲ ಒಗೆಯಬೇಕು. ದೇವರ ತಾಮ್ರ ಹಿತ್ತಾಳೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ದಾರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ದೇವರ ನೈವೇದ್ಯಕ್ಕೆ ಬೇರೆ ರೊಟ್ಟಿ, ಸುಟ್ಟ ಬದನೆಕಾಯಿಯ ಭರತ. ದೇವರ ಕೆಲಸ ಎಂದಮೇಲೆ ಕೆಲಸದವಳ ಕೈಯಲ್ಲಿ ಮಾಡಿಸುವಂತಿಲ್ಲ, ಮನೆಯ ಹೆಂಗಸೇ ಸ್ನಾನ ಮಾಡಿ ಮಡಿಯಲ್ಲಿ ಮಾಡಬೇಕು. ಅತ್ತೆಯ ಮೊಣಕಾಲು ಬಗ್ಗುವುದಿಲ್ಲ. ಉಳಿದವಳು ನಾನು. ಗಂಡ ಪೊರಕೆಗೆ ಕೈ ಹಾಕಿದರೆ ನಾನೇ ಕಸಿದುಕೊಳ್ಳುತ್ತಿದ್ದೆ. ಆ ಒಂದು ದಿನವಾದರೂ ನಾನು ಪೇಶಂಟ್ ಅಲ್ಲ, ಈ ಮನೆಯ ಸೊಸೆ ಅನ್ನಿಸಿಕೊಳ್ಳಬೇಕು ಎಂಬ ಆಸೆ ನನಗೆ. ಶುಕ್ರವಾರ ಶಾಲೆಗೆ ರಜೆ ಹಾಕಿ, ರವಿವಾರ ಬೆಳಿಗ್ಗೆ ಮಾಡುವ ಭರತವೊಂದನ್ನು ಬಿಟ್ಟು, ಇಷ್ಟೂ ಮುಗಿಸಿದೆ. ಮುಗಿಸಿದಾಗ ಕೈ ನೋವಿರಲಿಲ್ಲ, ಮೈ ನೋವಿರಲಿಲ್ಲ. ಹಾಡು ಬರುತ್ತಿತ್ತು ಬಾಯಲ್ಲಿ. ಶನಿವಾರವೂ ಛಲೋ ಇದ್ದೆ.

ರವಿವಾರ ಮತ್ತೆ ಬಿದ್ದೆ.

ಆ ರವಿವಾರ ಅತ್ತೆಗೆ ತಡೆಯಲಾಗಲಿಲ್ಲ. ಕೋಣೆಯ ಬಾಗಿಲಲ್ಲಿ ನಿಂತರು. "ದೇವರ ಕೆಲಸಾ ನನ್ನ ಕೈಲೆ ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಬಾಯಿ ಬಿಟ್ಟು ಹೇಳು" ಎಂದರು. "ಪ್ರತಿ ಸರ್ತಿ ಸೀರಿ ಉಡೂದು, ಬಿಚ್ಚೂದು. ನನಗೇನು ಚ್ಯಾಷ್ಟಿ ಮಾಡ್ಲಿಕ್ಕತ್ತೀಯೇನು?"

ನನಗೆ ಕೋಪ ಬರಲು ತ್ರಾಣ ಬೇಕಾಗುವುದಿಲ್ಲ ಎಂದು ಅಂದೇ ಗೊತ್ತಾದದ್ದು. ಮಲಗಿದಲ್ಲಿಂದಲೇ, "ನನಗೇನು ಮಲಗೂ ಹುಕಿ ಅದ ಅಂತ ಮಾಡೀರೇನು? ನಿಮ್ಮ ದೇವರಿಗೆ ನಾ ಬ್ಯಾಡಾಗಿರಬೇಕು, ಅವನ್ನ ಕೇಳ್ರಿ" ಎಂದೆ.

"ನಿಮ್ಮ ದೇವರು ಅನಬ್ಯಾಡ. ನಿನಗೂ ಅವನೇ ದೇವರು."

"ಹಂಗಿದ್ರ ಅವನ ಮನಿಗೆ ಹೋಗ್ಲಿಕ್ಕೆ ನನಗ್ಯಾಕ ಬಿಡವಲ್ಲ?"

ಅತ್ತೆಯ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಳ್ಳುತ್ತ ಗೋಡೆಗೆ ಹೇಳುವಂತೆ ಹೇಳಿದರು. "ಈಗೀಗ ಮನಿ ಥಳಾಥಳಾ ಅಂದ ಕೂಡ್ಲೆ ನನ್ನ ಎದಿ ಧಸಕ್ ಅಂತದ. ಆಕಡೆ ತಾಮ್ರ ಹೊಳಿತು ಅಂದ್ರ ಈಕಡೆ ಸೊಸಿ ಮಲಗಿದ್ಲು ಅಂತನೇ."

ಜಗಳ ಅಲ್ಲಿಗೇ ನಿಂತಿತು. ಮೊದಲ ಸಲ ಯಾವಾಗ ತೊಳೆದಿದ್ದೆ? ಶುಕ್ರವಾರ. ಎರಡನೆಯ ಸಲ? ಶುಕ್ರವಾರವೇ, ಯಾಕೆಂದರೆ ಚಾದರ ಒಣಗಲು ಒಂದು ದಿನ ಬೇಕು. ದೀಪಾವಳಿಗೆ ಮನೆ ತೊಳೆದು, ನರಕ ಚತುರ್ದಶಿಯ ದಿನ ಆರತಿ ಮಾಡಿಸಿಕೊಳ್ಳಲು ಏಳಲಾಗದೆ ಮಲಗಿದ್ದು? ಶಾಲೆಯಲ್ಲಿ ಪರೀಕ್ಷೆಯ ಪೇಪರುಗಳನ್ನು ಒಂದೇ ಉಸಿರಿಗೆ ತಿದ್ದಿ ಮುಗಿಸಿ, ಎಲ್ಲರೂ ಶಾಭಾಸ್ ಅಂದ ಎರಡು ದಿನಕ್ಕೆ ಬ್ರಶ್ ಹಿಡಿದುಕೊಂಡು ಬಚ್ಚಲಲ್ಲಿ ಕೂತದ್ದು? ಪ್ರತಿ ಸಲ ನಡುವೆ ಒಂದು ಛಲೋ ದಿನ ಬಂದು ನನ್ನ ಕಣ್ಣಿಗೆ ಮಣ್ಣೆರಚಿತ್ತು. ನಾನು ನಿನ್ನೆಯನ್ನು ಹುಡುಕುತ್ತಿದ್ದೆ. ಕಳ್ಳ ಮೊನ್ನೆಯಲ್ಲಿ ಕೂತಿದ್ದ.

"ಅತ್ತಿ, ಒಳಗ ಬರ್ರಿ" ಎಂದೆ. ಬಂದು ಹಾಸಿಗೆಯ ತುದಿಯಲ್ಲಿ ಕೂತರು. ನನಗೆ ತಿಳಿದದ್ದನ್ನು ಹೇಳಿದೆ. ದೇವರು ಬೇಡ ಅನ್ನುತ್ತಿಲ್ಲ, ನಾನು ನಾಟಕವನ್ನೂ ಆಡುತ್ತಿಲ್ಲ, ಶುಕ್ರವಾರ ಮನೆ ತೊಳೆದದ್ದು ರವಿವಾರ ನನ್ನನ್ನು ಮಲಗಿಸುತ್ತಿದೆ ಎಂದೆ. "ಹಂಗಾರ ಅವನ ಸಲುವಾಗಿ ತೊಳದದ್ದಕ್ಕೇ ಅವನ ಕಡೆ ಹೋಗಲಾರದಂಗ ಆತೇನು?" ಎಂದರು. ಹೌದು ಎಂದೆ. ಅವರಿಗೆ ನಗು ಬಂತು. ನನಗೂ ಬಂತು, ಆದರೆ ನಗಲು ಪಕ್ಕೆಲುಬು ಸಹಕರಿಸಲಿಲ್ಲ.

ಒಂದೇ ಲೆಕ್ಕ ಸರಿಬಂತೆಂದು ಸೂತ್ರ ಒಪ್ಪುವವಳಲ್ಲ ನಾನು. ಮುಂದಿನ ಎರಡು ತಿಂಗಳು ಬೇಕೆಂದೇ ಪರೀಕ್ಷೆ ಮಾಡಿದೆ. ಒಂದು ಬುಧವಾರ ಪರದೆಗಳನ್ನೆಲ್ಲ ಒಗೆದೆ. ಶುಕ್ರವಾರ ಮಲಗಿದೆ. ಇನ್ನೊಂದು ವಾರ ಅದೇ ಪರದೆಗಳನ್ನು ದಿನಕ್ಕೊಂದರಂತೆ ಒಗೆದೆ, ಏನೂ ಆಗಲಿಲ್ಲ. ದಣಿದ ಮೇಲೆ ಕೂಡುವುದಕ್ಕಿಂತ ದಣಿಯುವ ಮುಂಚೆ ಕೂಡಬೇಕು ಎಂಬುದೂ ತಿಳಿಯಿತು. ಹೇಳಲು ಸುಲಭ, ಮಾಡಲು ನನ್ನಂಥ ಹಟಮಾರಿಗೆ ಪ್ರಾಣಸಂಕಟ. ಅರ್ಧ ಉಜ್ಜಿದ ಪಾತ್ರೆ ಬಿಟ್ಟು ಕೂತರೆ ಕೈ ತುರಿಸುತ್ತದೆ. ಸೂತ್ರ ಯಾವಾಗಲೂ ಸರಿಬರುತ್ತದೆ ಎಂದೂ ಅಲ್ಲ. ಒಂದೆರಡು ಸಲ ಏನೂ ಮಾಡದೆಯೂ ಬಿದ್ದೆ, ಒಮ್ಮೆ ಬೇಕಾದಷ್ಟು ಕುಣಿದರೂ ಏನೂ ಆಗಲಿಲ್ಲ. ಡಾಕ್ಟರಿಗೆ ಹೇಳಿದಾಗ ಅವರು ತಲೆಯಾಡಿಸಿ, ಮಳೆಯ ಅಂದಾಜಿನಷ್ಟು ಸರಿಬಂದರೂ ಸಾಕು, ಛತ್ರಿ ಒಯ್ಯಬಹುದಲ್ಲ ಎಂದರು. ನನಗೆ ಅಳು ಬಂತು. ಇಷ್ಟು ವರ್ಷ ನನ್ನ ಮೈ ನನಗೆ ಹೇಳದೆ ಕೇಳದೆ ಏನೇನೋ ಮಾಡುತ್ತಿದೆ ಎಂದುಕೊಂಡಿದ್ದೆ. ಅದು ಮೊದಲೇ ಹೇಳುತ್ತಿತ್ತು, ನನಗೆ ಕೇಳಿಸಿಕೊಳ್ಳಲು ಬರುತ್ತಿರಲಿಲ್ಲ ಅಷ್ಟೆ.

ಇನ್ನು ಉಳಿದದ್ದು ಅತ್ತೆಯ ಸಂಕಟ. ಮನೆ ತೊಳೆಯದೆ ಮನೆದೇವರಿಗೆ ಹೋಗುವುದು ಹೇಗೆ? ಕೆಲಸದವಳ ಕೈಯಲ್ಲಿ ತೊಳೆಸೋಣ ಎಂದು ಗಂಡ ಅಂದರೆ ಅತ್ತೆ ಎದ್ದು ಒಳಗೆ ಹೋದರು. ತಾವೇ ಒಮ್ಮೆ ಬಗ್ಗಿ ನೋಡಿ ಏಳಲಾಗದಿದ್ದಾಗ ಗಂಡ ಹೋಗಿ ಎಬ್ಬಿಸಬೇಕಾಯಿತು. ಹಲವು ವಾರ ಹೀಗೇ ಕಳೆದವು. ಅವರು ದೇವರ ಮುಂದೆ ಕೂತು ಗುಣುಗುಣು ಮಾತಾಡುವುದು ಹೆಚ್ಚಾಯಿತು. ಏನು ವಾದ ನಡೆದಿತ್ತೋ ಅವರಿಬ್ಬರ ನಡುವೆ, ನನಗೆ ತಿಳಿಯದು.

ಒಂದು ಗುರುವಾರ ಊಟಕ್ಕೆ ಕೂತಾಗ ಹೇಳಿದರು. "ಈ ರವಿವಾರ ಹೋಗೂಣು. ಮನಿ ಹೆಂಗದ ಹಂಗೇ ಇರ್ಲಿ."

ಗಂಡ ತುತ್ತು ಬಿಟ್ಟು ಅವರ ಮುಖ ನೋಡಿದರು. "ತೊಳೀಲಾರದನಽ ಅವ್ವಾ?"

"ಅವ ನೋಡಬೇಕಂದ್ರ ಗುಡ್ಡಾ ಬಿಟ್ಟು ನಮ್ಮ ಮನಿಗೆ ಬರಬೇಕಲ್ಲ. ಬರೂದಿಲ್ಲ ಅವ. ಬಂದ್ರ ನಾ ಹೇಳ್ತೀನಿ" ಎಂದರು ಅತ್ತೆ.

ಶುಕ್ರವಾರ ನಾನು ಶಾಲೆಯಿಂದ ಬಂದು ನೋಡಿದರೆ ಕಸಬರಿಗೆ ಇಲ್ಲ, ಬಕೀಟು ಇಲ್ಲ. ಎರಡನ್ನೂ ಅತ್ತೆ ತಮ್ಮ ಮಂಚದ ಕೆಳಗೆ ಇಟ್ಟು, ಮಂಚದ ಮೇಲೆ ಕೂತು ಜಪಮಾಲೆ ತಿರುಗಿಸುತ್ತಿದ್ದರು. ಸುಮ್ಮನೆ ಒಂದು ಸಲ ಕಸ ಹೊಡೆಯುತ್ತೇನೆ ಎಂದೆ. "ನಿನ್ನ ಸುಮ್ಮನ ನನಗ ಗೊತ್ತದ. ಹೋಗಿ ಮಲಕೋ" ಎಂದರು. ಮದುವೆಯಾಗಿ ಬಂದ ದಿನದಿಂದ ನನ್ನ ಅತ್ತೆ ನನಗೆ ಹಗಲಲ್ಲಿ ಮಲಗು ಎಂದದ್ದು ಅದೇ ಮೊದಲು. ನಾನು ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಬಲೆ ಕಟ್ಟಿದ ಮೂಲೆಯೊಂದನ್ನು ನೋಡುತ್ತ ಹಲ್ಲು ಕಚ್ಚಿಕೊಂಡು ಮಲಗಿದ್ದೆ.

ಗುಡ್ಡ ಏರಿದ ದಣಿವು ಮಂಗಳವಾರ ಬರುತ್ತದೆ ಎಂಬುದು ಈಗ ನನಗೆ ಗೊತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಬಾಯಿಯವರ ಕೋಣೆಗೆ ಹೋಗಿ, ಮಂಗಳವಾರ ನನಗೆ ಹುಷಾರಿರುವುದಿಲ್ಲ, ರಜೆ ಬೇಕು ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ಮಂಗಳವಾರದ ಕಾಯಿಲೆ ಶನಿವಾರವೇ ಹೇಗೆ ಗೊತ್ತಾಯಿತು ಎಂದು ಮರಾಠಿಯಲ್ಲಿ ಕೇಳಿದರು. "ಈಗ ಹೇಳಿ ಬರುತ್ತದೆ ಬಾಯಿ" ಎಂದೆ. ಅವರು ನಕ್ಕು ರಜೆ ಕೊಟ್ಟರು. ನಂಬಿದರೋ ಇಲ್ಲವೋ, ನನಗೆ ಬೇಕಾದದ್ದು ರಜೆ.

ರವಿವಾರ ಬೆಳಿಗ್ಗೆ ಎಚ್ಚರವಾದಾಗ ಮೊದಲು ಬೆರಳು ಆಡಿಸಿ ನೋಡಿದೆ. ಆಡಿದವು. ಕಾಲು ಮಡಿಚಿದೆ. ಮಡಿಚಿತು. ಹೊರಗಿನ ಕೋಣೆಯಲ್ಲಿ ಅತ್ತೆ ಸೀರೆ ಉಟ್ಟುಕೊಂಡು ಕೂತಿದ್ದರು, ಚಪ್ಪಲಿ ಮಾತ್ರ ಹಾಕಿಕೊಂಡಿರಲಿಲ್ಲ. ನಾನು ನನ್ನ ಕಾಲ ಮೇಲೆ ನಡೆದು ಬಂದದ್ದನ್ನು ನೋಡಿ ಚಪ್ಪಲಿಗೆ ಕಾಲು ತೂರಿಸಿದರು.

ಬಿಸಿಲು ಏರುವ ಮುಂಚೆ ಸೇರಬೇಕೆಂದು ಕತ್ತಲಲ್ಲೇ ಹೊರಟೆವು. ದಾರಿಗೆ ರೊಟ್ಟಿ ಇಲ್ಲ, ಚಟ್ನಿ ಇಲ್ಲ. ಸಾಸವಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದು ವಡಾಪಾವ್ ತಿಂದೆವು. ಅತ್ತೆ ದೇವರ ದರ್ಶನದ ಮುಂಚೆ ಹೊರಗಿನದು ತಿನ್ನುವವರಲ್ಲ. ನನ್ನ ಗುಳಿಗೆಗಳಿಗೆ ಹೊಟ್ಟೆಯಲ್ಲಿ ಏನಾದರೂ ಇರಬೇಕು, ನಾನೊಬ್ಬಳೇ ತಿನ್ನಲು ನಾಚಿಕೊಂಡೆ ಎಂದು ಅವರೂ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. "ಖಾರ ಅದ" ಎಂದು ಇನ್ನೊಂದು ತುಂಡು ಮುರಿದರು.

ಗುಡ್ಡದ ಬುಡದಲ್ಲಿ ನನಗೆ ತೋಳು ಮುಚ್ಚುವ ಕುಪ್ಪಸ, ಮುಖಕ್ಕೆ ಬಿಸಿಲಿನ ಕ್ರೀಮು, ಮೇಲೆ ಛತ್ರಿ. ಎಲ್ಲ ಕಡೆ ಅರಿಶಿನ. ಕಲ್ಲು, ನಾಯಿ, ಜನ ಎಲ್ಲ ಹಳದಿ. ರಾಯಚೂರು ಕಡೆಯಿಂದ ಬಂದ ಒಂದು ಗುಂಪು "ಏಳುಕೋಟಿ ಏಳುಕೋಟಿ" ಎಂದು ಮೈಲಾರನ ಜಯಕಾರ ಕೂಗುತ್ತ ಹಿಡಿ ಹಿಡಿ ಭಂಡಾರ ತೂರಿತು. ಕ್ರೀಮು ಹಚ್ಚಿದ ನನ್ನ ಮುಖಕ್ಕೆ ಅದು ಬಿದ್ದದ್ದೆಲ್ಲ ಅಂಟಿತು. ಇಡೀ ಜೇಜುರಿಯಲ್ಲಿ ನನ್ನಷ್ಟು ಹಳದಿ ಮುಖ ಇನ್ನೊಂದಿರಲಿಲ್ಲ. ಗಂಡ ಫೋಟೋ ತೆಗೆದುಕೊಂಡರು, ಇನ್ನೂ ಅಳಿಸಿಲ್ಲ.

ಅತ್ತೆ ನಾಲ್ಕು ಮೆಟ್ಟಿಲು ಏರಿ ನಿಲ್ಲುತ್ತಿದ್ದರು, ಕಟ್ಟೆ ಕಂಡರೆ ಕೂಡುತ್ತಿದ್ದರು. ನಾನೂ ಅವರ ಪಕ್ಕ ಕೂಡುತ್ತಿದ್ದೆ. ನನಗಿನ್ನೂ ದಣಿವಾಗಿರಲಿಲ್ಲ, ಅದಕ್ಕೇ ಕೂಡುತ್ತಿದ್ದೆ. ಹಿಂದಿನ ನಾನಾಗಿದ್ದರೆ ಬಡಬಡ ಏರಿ ಮೇಲಿಂದ ಕೈ ಬೀಸುತ್ತಿದ್ದೆ. ಅವರ ಕೆಟ್ಟ ಮೊಣಕಾಲಿನ ನಡಿಗೆ ನನ್ನ ಕಾಯಿಲೆಗೆ ಅಳತೆ ಕೊಟ್ಟು ಹೊಲಿಸಿದಂತೆ ಸರಿಹೊಂದಿತು. ಹೊಸದಾಗಿ ಮದುವೆಯಾದವರು ನಮ್ಮನ್ನು ದಾಟಿ ಹೋಗುತ್ತಿದ್ದರು. ಅಲ್ಲಿಯ ಪದ್ಧತಿಯ ಹಾಗೆ ಗಂಡಂದಿರು ಹೆಂಡತಿಯರನ್ನು ಎತ್ತಿಕೊಂಡು ಕೆಲವು ಮೆಟ್ಟಿಲು ಏರಿ, ಇಳಿಸಿ, ನಾಚಿಕೊಂಡು ನಗುತ್ತಿದ್ದರು.

ಅರ್ಧ ದಾರಿಯ ಕಮಾನಿನ ನೆರಳಲ್ಲಿ ಅತ್ತೆ ನನ್ನ ಮುಖ ನೋಡಿದರು. ಅರಿಶಿನದ ಕೆಳಗೆ ಏನು ಕಂಡಿತೋ, ಮಗನಿಗೆ "ಎತ್ತೋ ಆಕಿನ್ನ" ಎಂದರು.

"ಅವ್ವಾ, ಆಕಿ ಕಾಲಿಂದನೇ ಏರಸ್ತೀನಿ ಅಂತ ಹರಕಿ ಹೊತ್ತೀದಿ" ಎಂದರು ಗಂಡ. ಬೆನ್ನುನೋವಿನ ಮನುಷ್ಯ, ಸುಲಭಕ್ಕೆ ಸಿಗುತ್ತಾರೆಯೇ.

"ಹೆಂಡ್ತಿನ್ನ ಗಂಡ ಎತ್ತೂದು ಇಲ್ಲಿ ಪದ್ಧತಿ ಅದ. ಅದು ದೇವರಿಗೆ ನಡೀತದ. ನೀ ಲಗ್ನ ಆಗಿ ಇಲ್ಲಿ ಬಂದಾಗೂ ಎತ್ತಿಲ್ಲ, ಮಳಿ ಅಂತ ನೆಪಾ ಹೇಳಿದ್ದಿ."

ಅವರು ಎತ್ತಿದರು. ಸ್ಟಿರಾಯ್ಡಿನ ಮೈ ಹಗುರವಲ್ಲ. ಒಂದೆರಡು ಮೆಟ್ಟಿಲಿಗೆ ಅವರ ಕಿವಿ ಕೆಂಪಾದವು. ದಾರಿಯಲ್ಲಿದ್ದ ಹುಡುಗಿಯರು ಸೀಟಿ ಹೊಡೆದರು. ನಾನು ನಕ್ಕು ನಕ್ಕು ಛತ್ರಿ ಬೀಳಿಸಿದೆ. ಇಳಿಸಿದ ಮೇಲೆ ಉಳಿದದ್ದನ್ನೆಲ್ಲ ನಾನು ನನ್ನ ಕಾಲಿನಿಂದಲೇ, ಅತ್ತೆಯ ಕೈ ಹಿಡಿದುಕೊಂಡು ಏರಿದೆ. ಗುಡಿಯ ಮುಂದೆ ಅತ್ತೆ ದೇವರಿಗೆ ಏನನ್ನೂ ಬೇಡಿಕೊಳ್ಳಲಿಲ್ಲ. "ತಂದೀನಿ ನೋಡಪಾ" ಎಂದರು, ಅಷ್ಟೆ. ಆಮೇಲೆ ಕಂಬಕ್ಕೆ ಒರಗಿ ಅತ್ತರು. ಎಷ್ಟು ಹಗುರಾದರು ಎಂದರೆ, ಇಳಿಯುವಾಗ ನಾನೇ ಅವರನ್ನು ನಿಧಾನ, ನಿಧಾನ ಎನ್ನಬೇಕಾಯಿತು.

ಸೋಮವಾರ ಛಲೋ ದಿನ. ಶಾಲೆಗೆ ಹೋಗಿ ಬಂದೆ. ಮಂಗಳವಾರ ಅದು ಬಂತು. ಕಣ್ಣು ತೆರೆಯುವ ಮುಂಚೆಯೇ ಗೊತ್ತಾಯಿತು, ಮೈ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಆದರೆ ಈ ಸಲ ಹೆದರಿಕೆ ಬರಲಿಲ್ಲ. ಇಷ್ಟು ವರ್ಷ ದಣಿವಿನ ಬೆನ್ನಿಗೇ ಹೆದರಿಕೆ ಬರುತ್ತಿತ್ತು. ಕಾಯಿಲೆ ಮತ್ತೆ ಎದ್ದಿತೇ, ಮೂತ್ರಪಿಂಡ ಹೋಯಿತೇ, ಇನ್ನು ಏಳುವುದೇ ಇಲ್ಲವೇ ಎಂದು. ಅರ್ಧ ತ್ರಾಣ ಆ ಹೆದರಿಕೆಗೇ ಹೋಗುತ್ತಿತ್ತು. ಅಂದು ದಣಿವು ಒಂದೇ ಬಂದಿತ್ತು. ಬರುವುದು ಗೊತ್ತಿತ್ತು, ಹೋಗುವುದೂ ಗೊತ್ತಿತ್ತು. ಗಂಡ ತಲೆದಿಂಬಿನ ಬಳಿ ಚಹಾದ ಥರ್ಮಾಸು, ಬಿಸ್ಕೀಟು, ಗುಳಿಗೆ ಇಟ್ಟು ಕೆಲಸಕ್ಕೆ ಹೋದರು. ಕೆಳಗಿನ ಮನೆಯ ಬಾಯಿ ಬಾಗಿಲು ತಟ್ಟಿದಾಗ ಅತ್ತೆ ಹೇಳುವುದು ಕೇಳಿಸಿತು. "ಇವತ್ತ ಬ್ಯಾಡ್ರಿ, ನಾಡದ ಬರ್ರಿ. ಇವತ್ತ ನಮ್ಮ ಸೊಸಿ ದಣಿಯೂ ದಿನಾ ಅದ."

ಅಷ್ಟು ಸಾದಾ ಮಾತಿನಲ್ಲಿ ಯಾರೂ ನನ್ನ ದಣಿವನ್ನು ಅದುವರೆಗೆ ಹೇಳಿರಲಿಲ್ಲ. ಇವತ್ತು ಏಕಾದಶಿ ಅದ ಅಂದ ಹಾಗೆ ಹೇಳಿಬಿಟ್ಟರು.

ಮಧ್ಯಾಹ್ನ ಅತ್ತೆ ಕೋಣೆಗೆ ಬಂದರು. ಏನು ಬೇಕು ಎಂದು ಕೇಳಲು ಬಂದಿದ್ದಾರೆ ಎಂದುಕೊಂಡೆ. ಅವರು ಮಂಚ ಹಿಡಿದುಕೊಂಡು ನಿಂತು, "ಸ್ವಲ್ಪ ಸರಿ ಆಕಡೆ" ಎಂದರು. ಸರಿದೆ. ನನ್ನ ಪಕ್ಕದಲ್ಲಿ ಮೆಲ್ಲಗೆ ಅಡ್ಡಾದರು. ಮನೆ ಕಸ ಹೊಡೆದು ವಾರವಾಗುತ್ತ ಬಂದಿತ್ತು, ಫ್ಯಾನು ತಿರುಗಿದರೆ ನೆಲದ ಮೇಲೆ ಧೂಳು ಸರಿದಾಡುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಮಲಗಿದೆವು.

"ಮೊಣಕಾಲು ನೋಯಸ್ತದೇನ್ರಿ ಅತ್ತಿ?" ಎಂದೆ.

"ಕಾಲಲ್ಲ." ಸೆರಗು ಎಳೆದು ಹೊದ್ದುಕೊಂಡರು. "ನೀ ಅಂತೀಯಲ್ಲ, ಮೈಯಿ ನನ್ನದಲ್ಲ ಅನಸ್ತದ ಅಂತ. ಎಬ್ಬಿಸಿದ್ರ ಏಳೂದಿಲ್ಲ ಅಂತ. ನನಗೂ ಹಂಗ ಆಗ್ತದ."

"ಯಾವಾಗಿಂದ?"

ಅವರು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಂಡೆ. ಹಾಕುತ್ತಿರಲಿಲ್ಲ, ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರು. "ನಿನ್ನ ಗಂಡ ಇನ್ನೂ ಹುಟ್ಟಿದ್ದಿಲ್ಲ."

"ಯಾರಿಗೂ ಹೇಳ್ಲಿಲ್ಲೇನ್ರಿ?"

"ಒಮ್ಮೆ ನಮ್ಮತ್ತಿ ಮುಂದ ಹೇಳಿದ್ನಿ. ಆಕಿ ನಕ್ಕಳು. ಮತ್ತ ಹೇಳಲಿಲ್ಲ" ಎಂದರು.

ಹರಕೆ ಹೊತ್ತು, ಸೀರೆ ಉಟ್ಟು, ಮಧ್ಯಾಹ್ನದ ತನಕ ಕಾದು ಕೂತಿದ್ದ ಆ ರವಿವಾರಗಳಲ್ಲೂ ಅವರು ಹೀಗೇ ಇದ್ದಿರಬೇಕು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ನನ್ನ ದಿಂಬನ್ನು ಅವರ ಕಡೆ ತಳ್ಳಿದೆ. "ಮಲಕೋರಿ. ಸಂಜಿಗೆ ಅಡಿಗಿ ನಿಮ್ಮ ಮಗ ಮಾಡ್ತಾರ" ಎಂದೆ. ಮಗನ ಅಡುಗೆಯ ಮಾತಿಗೆ ಮುಖ ಹಿಂಡಿದರು, ಆದರೂ ಕಣ್ಣು ಮುಚ್ಚಿದರು. ಗಂಡ ಬಂದು ಬಾಗಿಲು ತೆಗೆಯುವವರೆಗೂ ಇಬ್ಬರಿಗೂ ಎಚ್ಚರವಿರಲಿಲ್ಲ.

ಮರುವಾರ ಡಾಕ್ಟರ ಬಳಿ ಹೆಸರು ಹಚ್ಚಲು ಫೋನು ಮಾಡಿದಾಗ, ನನ್ನ ಹೆಸರಿನ ಕೆಳಗೆ ಅತ್ತೆಯ ಹೆಸರನ್ನೂ ಬರೆಸಿದೆ.